ಡ್ರೈಯರ್ ಕೊಟೇಶನ್‌ನಲ್ಲಿ ಕಿಲೋ ಕ್ಯಾಲರಿ, ಬಿಟಿಯು, ಕಿಲೋವ್ಯಾಟ್: ಯಾವುದು ದೊಡ್ಡದು?

ಶನಿವಾರಸಂತೆ ತೋಟ:
ಎಲ್ಲರಿಗೂ ನಮಸ್ಕಾರ. ಕಾಫಿ ಕೊಯ್ಲಿನ ಹೊತ್ತಿಗೇ ಮೋಡ ಕಟ್ಟಿ ಮಳೆ ಸುರಿಯುವುದು ನಮ್ಮ ಕಡೆ ಈಗ ಹೊಸ ವಿಷಯವಲ್ಲ. ಕಣದ ಮೇಲೆ ಟಾರ್ಪಾಲು ಹೊದಿಸಿ ಕಾಯುತ್ತಾ ಕೂತರೆ ಒಳಗೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ) ಬೆವರಿ ವಾಸನೆ ಹಿಡಿಯುತ್ತದೆ. ಅದಕ್ಕೇ ಸೌದೆ ಉರಿಸುವ ಡ್ರೈಯರ್ ಹಾಕಿಸೋಣ ಅಂತ ಮೂರು ಕಡೆ ಕೊಟೇಶನ್ ತರಿಸಿದೆ. ಒಂದು ಸಲಕ್ಕೆ 2 ಟನ್ ಒದ್ದೆ ಪಾರ್ಚ್‌ಮೆಂಟ್ ಹಿಡಿಯಬೇಕು ಅಂತ ಮೂವರಿಗೂ ಹೇಳಿದ್ದೆ.

ಮೊದಲನೆಯವರು 1 ಲಕ್ಷ ಕಿಲೋ ಕ್ಯಾಲರಿ ಅಂತ ಬರೆದಿದ್ದಾರೆ. ಎರಡನೆಯದು ಹೊರದೇಶದ ಮೆಷಿನ್, ಅದರಲ್ಲಿ 3.5 ಲಕ್ಷ ಬಿಟಿಯು (ಬ್ರಿಟಿಷ್ ಥರ್ಮಲ್ ಯೂನಿಟ್) ಅಂತ ಇದೆ. ಮೂರನೆಯದರಲ್ಲಿ 120 ಕಿಲೋವ್ಯಾಟ್. ಎರಡನೆಯದನ್ನು ಮಾರುವವರು "ನಮ್ಮದು ಮೂರು ಪಟ್ಟು ದೊಡ್ಡದು" ಎನ್ನುತ್ತಿದ್ದಾರೆ. ಬೆಲೆಯೂ ಜಾಸ್ತಿ. ಇವನ್ನು ಹೋಲಿಸುವುದು ಹೇಗೆ? ಗೊತ್ತಿರುವವರು ದಯವಿಟ್ಟು ಹೇಳಿ.

ಕುಶಾಲನಗರ ವರ್ಕ್‌ಶಾಪ್:
ಅಣ್ಣಾ, ಮೂರು ಪಟ್ಟು ದೊಡ್ಡದಲ್ಲ. ಮೂರರಲ್ಲಿ ಅದೇ ಚಿಕ್ಕದು.

ಎಲ್ಲವನ್ನೂ ಕಿಲೋವ್ಯಾಟ್‌ಗೆ ತನ್ನಿ. ನೆನಪಿಡಬೇಕಾದ್ದು ಇಷ್ಟೇ: 1 ಕಿಲೋವ್ಯಾಟ್ ಅಂದರೆ ಗಂಟೆಗೆ 860 ಕಿಲೋ ಕ್ಯಾಲರಿ, ಅಥವಾ ಗಂಟೆಗೆ 3,412 ಬಿಟಿಯು.

ಮೊದಲನೆಯದು: 1,00,000 ಭಾಗಿಸು 860, ಅಂದರೆ 116 ಕಿಲೋವ್ಯಾಟ್.
ಎರಡನೆಯದು: 3,50,000 ಭಾಗಿಸು 3,412, ಅಂದರೆ 103 ಕಿಲೋವ್ಯಾಟ್ ಕೂಡ ತುಂಬುವುದಿಲ್ಲ.
ಮೂರನೆಯದು: 120.

ಬಾಯಿಲೆಕ್ಕಕ್ಕೆ ಇನ್ನೂ ಸುಲಭ ಇದೆ. 4 ಬಿಟಿಯು ಅಂದರೆ ಹತ್ತಿರಹತ್ತಿರ 1 ಕಿಲೋ ಕ್ಯಾಲರಿ. ಸರಿಯಾಗಿ ಹೇಳಬೇಕೆಂದರೆ 3.97. ಹಾಗಾಗಿ ಬಿಟಿಯು ಕಂಡ ಕೂಡಲೇ ನಾಲ್ಕರಿಂದ ಭಾಗಿಸಿಬಿಡಿ. 3.5 ಲಕ್ಷ ಬಿಟಿಯು ಅಂದರೆ 88 ಸಾವಿರ ಕಿಲೋ ಕ್ಯಾಲರಿ ಆಸುಪಾಸು. ಮೊದಲನೆಯವರ 1 ಲಕ್ಷಕ್ಕಿಂತ ಕಡಿಮೆ ಅಲ್ವಾ?

ಆದರೆ ಒಂದು ವಿಷಯ. ಮೊದಲ ಎರಡು ಕೊಟೇಶನ್‌ನಲ್ಲಿ "ಗಂಟೆಗೆ" ಎಂಬ ಮಾತು ಇದೆಯಾ ನೋಡಿ. ನೀವು ಬರೆದ ಹಾಗೆ ನೋಡಿದರೆ ಅದು ಕಾಣುತ್ತಿಲ್ಲ. ಕಿಲೋವ್ಯಾಟ್‌ಗೆ ಅದು ಬೇಡ.

ಶನಿವಾರಸಂತೆ ತೋಟ:
ಈಗ ಮತ್ತೆ ತೆಗೆದು ನೋಡಿದೆ. ಮೊದಲನೆಯದರಲ್ಲಿ ಸುಮ್ನೆ "1 ಲಕ್ಷ ಕಿಲೋ ಕ್ಯಾಲರಿ" ಅಂತಷ್ಟೇ ಇದೆ. ಎರಡನೆಯದರ ಕ್ಯಾಟಲಾಗ್ ಒಳಗೆ ಚಿಕ್ಕ ಅಕ್ಷರದಲ್ಲಿ ಗಂಟೆಗೆ ಅಂತ ಇದೆ, ಕೊಟೇಶನ್‌ನಲ್ಲಿ ಇಲ್ಲ. ಅದು ಅಷ್ಟೊಂದು ಮುಖ್ಯವಾ?

ಗೋಣಿಕೊಪ್ಪ ಮೇಷ್ಟ್ರು:
ತುಂಬಾ ಮುಖ್ಯ. ಯೂನಿಟ್ ಬದಲಾಯಿಸುವಾಗ ಜನ ಸೋಲುವುದು ಗುಣಾಕಾರದಲ್ಲಿ ಅಲ್ಲ, ಇಲ್ಲಿ.

ಜೂಲ್, ಕ್ಯಾಲರಿ, ಬಿಟಿಯು, ಕಿಲೋವ್ಯಾಟ್ ಅವರ್ ಇವೆಲ್ಲ ಶಾಖದ ಮೊತ್ತ. ತೊಟ್ಟಿಯಲ್ಲಿ ಎಷ್ಟು ನೀರಿದೆ ಎಂದ ಹಾಗೆ. ವ್ಯಾಟ್, ಗಂಟೆಗೆ ಇಷ್ಟು ಕಿಲೋ ಕ್ಯಾಲರಿ, ಗಂಟೆಗೆ ಇಷ್ಟು ಬಿಟಿಯು ಇವು ಶಾಖ ಬರುವ ವೇಗ. ನಲ್ಲಿಯಲ್ಲಿ ಗಂಟೆಗೆ ಎಷ್ಟು ನೀರು ಬರುತ್ತದೆ ಎಂದ ಹಾಗೆ. ಮೊತ್ತವನ್ನು ಮೊತ್ತಕ್ಕೆ ಬದಲಾಯಿಸಬಹುದು, ವೇಗವನ್ನು ವೇಗಕ್ಕೆ. ಮೊತ್ತವನ್ನು ವೇಗಕ್ಕೆ ಬದಲಾಯಿಸಬೇಕಾದರೆ ಎಷ್ಟು ಹೊತ್ತು ಎಂಬುದು ಬೇಕೇ ಬೇಕು.

ವ್ಯಾಪಾರದ ಮಾತಿನಲ್ಲಿ ಈ "ಗಂಟೆಗೆ" ಉದುರಿಹೋಗಿದೆ. ಎಸಿ ಅಂಗಡಿಯಲ್ಲೂ 12,000 ಬಿಟಿಯು ಅಂತ ಹೇಳುತ್ತಾರೆ. ಅದೂ ಗಂಟೆಗೆ 12,000 ಬಿಟಿಯುವೇ. ಅದನ್ನೇ 1 ಟನ್ ಎನ್ನುವುದು, 3.517 ಕಿಲೋವ್ಯಾಟ್. 2,000 ಪೌಂಡ್ ಐಸ್ ಒಂದು ದಿನದಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಆ ವೇಗ ಅದು. ಹಾಗಾಗಿ ನಿಮ್ಮ ಮೊದಲನೆಯ ಕೊಟೇಶನ್‌ನವರೂ ಗಂಟೆಗೆ ಎಂದೇ ಹೇಳಿರಬೇಕು. ಆದರೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಮೊತ್ತದ ಲೆಕ್ಕಕ್ಕೆ ಇವಿಷ್ಟು ಕೈಯಲ್ಲಿರಲಿ:
1 ಕಿಲೋ ಕ್ಯಾಲರಿ = 4.186 ಕಿಲೋ ಜೂಲ್ (1 ಲೀಟರ್ ನೀರನ್ನು 1 ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾದ ಶಾಖ)
1 ಬಿಟಿಯು = 1.055 ಕಿಲೋ ಜೂಲ್ (1 ಪೌಂಡ್ ನೀರನ್ನು 1 ಡಿಗ್ರಿ ಫ್ಯಾರನ್‌ಹೀಟ್ ಏರಿಸಲು)
1 ಕರೆಂಟ್ ಯೂನಿಟ್, ಅಂದರೆ 1 ಕಿಲೋವ್ಯಾಟ್ ಅವರ್ = 3.6 ಮೆಗಾ ಜೂಲ್ = 860 ಕಿಲೋ ಕ್ಯಾಲರಿ = 3,412 ಬಿಟಿಯು

ಪುಸ್ತಕದಲ್ಲಿ ಕ್ಯಾಲರಿಗೆ ಕೆಲವು ಕಡೆ 4.184, ಕೆಲವು ಕಡೆ 4.1868 ಅಂತ ಇರುತ್ತದೆ. ಎರಡೂ ಬಳಕೆಯಲ್ಲಿವೆ. ನಮ್ಮ ಡ್ರೈಯರ್ ಲೆಕ್ಕಕ್ಕೆ 4.2 ಹಿಡಿದರೂ ಏನೂ ಕೆಡುವುದಿಲ್ಲ. ಸೌದೆಯ ತೇವದಲ್ಲೇ ಅದಕ್ಕಿಂತ ಎಷ್ಟೋ ದೊಡ್ಡ ವ್ಯತ್ಯಾಸ ಕೂತಿರುತ್ತದೆ.

ಮಡಿಕೇರಿ ಚಳಿ:
ಮೇಷ್ಟ್ರೇ, ಒಂದೇ ಶಾಖಕ್ಕೆ ಇಷ್ಟೊಂದು ಅಳತೆ ಯಾಕೆ ಬೇಕಾಯಿತು? ಪಿಯುಸಿಯಲ್ಲಿ ಓದುತ್ತಿದ್ದಾಗಿನಿಂದ ಈ ಪ್ರಶ್ನೆ ಇದೆ.

ಗೋಣಿಕೊಪ್ಪ ಮೇಷ್ಟ್ರು:
ಒಳ್ಳೆಯ ಪ್ರಶ್ನೆ. ಮೊದಮೊದಲು ಶಾಖ ಬೇರೆ, ಕೆಲಸ ಬೇರೆ ಎಂದೇ ಅಳೆಯುತ್ತಿದ್ದರು. ಶಾಖವನ್ನು ಅಳೆಯಲು ಕೈಗೆ ಸಿಗುವ ವಸ್ತು ನೀರು. ಫ್ರಾನ್ಸ್ ಕಡೆಯವರು ಕಿಲೋ ಮತ್ತು ಸೆಲ್ಸಿಯಸ್ ಹಿಡಿದು ಕ್ಯಾಲರಿ ಮಾಡಿಕೊಂಡರು. ಇಂಗ್ಲೆಂಡಿನವರು ಪೌಂಡ್ ಮತ್ತು ಫ್ಯಾರನ್‌ಹೀಟ್ ಹಿಡಿದು ಬಿಟಿಯು ಮಾಡಿಕೊಂಡರು.

ಆಮೇಲೆ 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಪ್ರೆಸ್ಕಾಟ್ ಜೂಲ್ ಒಂದು ಪಾತ್ರೆಯಲ್ಲಿ ನೀರು ತುಂಬಿಸಿ, ಒಳಗೆ ರೆಕ್ಕೆಚಕ್ರ ಇಟ್ಟು, ಮೇಲಿನಿಂದ ಇಳಿಯುವ ತೂಕದ ಕಲ್ಲುಗಳಿಂದ ಅದನ್ನು ತಿರುಗಿಸಿದ. ಬೆಂಕಿಯೇ ಇಲ್ಲದೆ ನೀರು ಚೂರು ಬಿಸಿಯಾಯಿತು. ಎಷ್ಟು ತೂಕ ಎಷ್ಟು ಎತ್ತರದಿಂದ ಇಳಿದರೆ ನೀರು ಎಷ್ಟು ಬಿಸಿಯಾಗುತ್ತದೆ ಎಂದು ಮತ್ತೆ ಮತ್ತೆ ಅಳೆದ. 1850ರಲ್ಲಿ ಅವನು ಕೊಟ್ಟ ಅಂಕಿ: 1 ಪೌಂಡ್ ನೀರನ್ನು 1 ಡಿಗ್ರಿ ಫ್ಯಾರನ್‌ಹೀಟ್ ಏರಿಸಲು 772 ಪೌಂಡ್ ತೂಕ 1 ಅಡಿ ಇಳಿಯಬೇಕು. ಇವತ್ತಿನ ಅಂಕಿ 778. ಆ ಕಾಲದ ಥರ್ಮಾಮೀಟರ್‌ನಲ್ಲಿ ಅಷ್ಟು ಹತ್ತಿರ ಬಂದದ್ದು ನನಗೆ ಈಗಲೂ ಬೆರಗು.

ಶಾಖವೂ ಕೆಲಸವೂ ಒಂದೇ ಎಂದ ಮೇಲೆ ಎರಡಕ್ಕೂ ಒಂದೇ ಅಳತೆ ಸಾಕಲ್ಲವೇ? 1948ರಲ್ಲಿ ತೂಕ ಅಳತೆಯ ಅಂತರರಾಷ್ಟ್ರೀಯ ಸಮ್ಮೇಳನ ಶಾಖಕ್ಕೂ ಜೂಲ್ ಅನ್ನೇ ಒಪ್ಪಿತು. ಆದರೆ ನಮ್ಮಲ್ಲಿ ಬಾಯ್ಲರ್, ಹಾಟ್ ಏರ್ ಜನರೇಟರ್ ಮಾಡುವವರು ಇನ್ನೂ ಲಕ್ಷ ಕಿಲೋ ಕ್ಯಾಲರಿಯಲ್ಲೇ ಮಾತಾಡುತ್ತಾರೆ. ಅಮೆರಿಕದ ಕ್ಯಾಟಲಾಗ್ ಬಿಟಿಯು ಬಿಡುವುದಿಲ್ಲ. ಹಾಗಾಗಿ ಕೊಳ್ಳುವ ನಮಗೆ ಮೂರೂ ಗೊತ್ತಿರಬೇಕು.

ಮಾದಾಪುರ ಏಲಕ್ಕಿ:
ಇದೇ ವಿಷಯದಲ್ಲಿ ನನ್ನದೂ ಒಂದು. ಒಂದು ಬ್ಲೋವರ್ ಕ್ಯಾಟಲಾಗ್‌ನಲ್ಲಿ "ಗಾಳಿಯ ಬಿಸಿ 70 ಡಿಗ್ರಿ ಫ್ಯಾರನ್‌ಹೀಟ್ ಏರುತ್ತದೆ" ಅಂತ ಇದೆ. 32 ಕಳೆದು 1.8ರಿಂದ ಭಾಗಿಸಿದರೆ 21 ಡಿಗ್ರಿ ಸೆಲ್ಸಿಯಸ್ ಬರುತ್ತದೆ. ಮಳೆಗಾಲದಲ್ಲಿ ಹೊರಗೆ 20 ಡಿಗ್ರಿ ಇದ್ದರೆ ಗಾಳಿ 41ಕ್ಕೆ ಬಂತು. ಏಲಕ್ಕಿಗೆ ಇದು ಸಾಲದು ಅಂತ ಬಿಟ್ಟುಬಿಡುವ ಯೋಚನೆ.

ಕುಶಾಲನಗರ ವರ್ಕ್‌ಶಾಪ್:
ಬಿಡಬೇಡಿ ಅಕ್ಕ. 70 ಡಿಗ್ರಿ ಇದೆ ಎನ್ನುವುದು ಬೇರೆ, 70 ಡಿಗ್ರಿ ಏರುತ್ತದೆ ಎನ್ನುವುದು ಬೇರೆ. ಏರಿಕೆಗೆ 32 ಕಳೆಯಬಾರದು. ಬರೀ 1.8ರಿಂದ ಭಾಗಿಸಬೇಕು. 39 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಹೊರಗೆ 20 ಇದ್ದರೆ ಗಾಳಿ 59ಕ್ಕೆ ಬರುತ್ತದೆ.

ಮಾದಾಪುರ ಏಲಕ್ಕಿ:
59 ಆದರೆ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು, ತಗ್ಗಿಸಿ ಉರಿಸಬೇಕು. ತುಂಬಾ ಥ್ಯಾಂಕ್ಸ್.

ವಿರಾಜಪೇಟೆ ಹೋಂಸ್ಟೇ:
ನಮ್ಮಂಥವರಿಗೂ ಒಂದು ಲೆಕ್ಕ ಹೇಳಿ. ಡಿಸೆಂಬರ್ ಜನವರಿಯಲ್ಲಿ ಅತಿಥಿಗಳಿಗೆಲ್ಲ ಬೆಳಿಗ್ಗೆ ಬಿಸಿನೀರು ಬೇಕು. ಕರೆಂಟ್ ಗೀಸರ್ ಅಗ್ಗವೋ ಗ್ಯಾಸ್ ಗೀಸರ್ ಅಗ್ಗವೋ? ಒಂದು ಯೂನಿಟ್‌ನಲ್ಲಿ ಬರುತ್ತದೆ, ಇನ್ನೊಂದು ಕಿಲೋದಲ್ಲಿ.

ಗೋಣಿಕೊಪ್ಪ ಮೇಷ್ಟ್ರು:
ಎರಡನ್ನೂ ಕಿಲೋ ಕ್ಯಾಲರಿಗೆ ತಂದರೆ ಮುಗಿಯಿತು. ನೀರಿನ ಲೆಕ್ಕಕ್ಕೆ ಅದರಷ್ಟು ಸಲೀಸಾದ ಅಳತೆ ಇನ್ನೊಂದಿಲ್ಲ. ಒಂದು ಬಕೆಟ್, 15 ಲೀಟರ್. ಬೆಳಗಿನ ಟ್ಯಾಂಕ್ ನೀರು 18 ಡಿಗ್ರಿ, ಸ್ನಾನಕ್ಕೆ 43 ಎಂದಿಟ್ಟುಕೊಳ್ಳಿ. 25 ಡಿಗ್ರಿ ಏರಬೇಕು. 15 ಗುಣಿಸು 25, 375 ಕಿಲೋ ಕ್ಯಾಲರಿ. 860ರಿಂದ ಭಾಗಿಸಿದರೆ 0.44 ಯೂನಿಟ್.

ಅಡುಗೆ ಗ್ಯಾಸ್ 1 ಕಿಲೋ ಉರಿದರೆ ಸುಮಾರು 11,000 ಕಿಲೋ ಕ್ಯಾಲರಿ, ಅಂದರೆ 46 ಮೆಗಾ ಜೂಲ್, ಅಂದರೆ 12.8 ಯೂನಿಟ್. ಗ್ಯಾಸ್ ಗೀಸರ್‌ನಲ್ಲಿ ನೂರಕ್ಕೆ 80ರಷ್ಟು ನೀರಿಗೆ ಸೇರುತ್ತದೆ ಎಂದು ಹಿಡಿದರೆ ಕೈಗೆ ಬರುವುದು 10 ಯೂನಿಟ್ ಚಿಲ್ಲರೆ. ಕರೆಂಟ್ ಗೀಸರ್‌ನಲ್ಲಿ ಕಾಯಿಲ್ ನೀರಿನೊಳಗೇ ಇರುವುದರಿಂದ ಹೆಚ್ಚುಕಡಿಮೆ ಪೂರ್ತಿ ನೀರಿಗೇ ಹೋಗುತ್ತದೆ.

ಹೀಗೆ ನೋಡಿ: ನಿಮ್ಮ ಬಿಲ್ಲಿನ ಒಂದು ಯೂನಿಟ್ ದರವನ್ನು ಹತ್ತರಿಂದ ಗುಣಿಸಿ. 19 ಕಿಲೋ ಸಿಲಿಂಡರ್ ಬೆಲೆಯನ್ನು 19ರಿಂದ ಭಾಗಿಸಿ. ಮೊದಲನೆಯದು ಕಡಿಮೆ ಬಂದರೆ ಕರೆಂಟ್, ಎರಡನೆಯದು ಕಡಿಮೆ ಬಂದರೆ ಗ್ಯಾಸ್. ದರ ಬದಲಾದಾಗೆಲ್ಲ ನೀವೇ ಮಾಡಿಕೊಳ್ಳಬಹುದು.

ವಿರಾಜಪೇಟೆ ಹೋಂಸ್ಟೇ:
ಇದನ್ನು ಬರೆದು ಆಫೀಸ್ ಗೋಡೆಗೆ ಅಂಟಿಸುತ್ತೇನೆ ಸರ್.

ನಾಪೋಕ್ಲು ಅಡುಗೆಮನೆ:
ನಾನು ಕಾಚಂಪುಳಿ (ಅಡುಗೆಗೆ ಹಾಕುವ ಗಟ್ಟಿ ಕಪ್ಪು ಹುಳಿ) ಮಾಡಿ ಕೊಡುವವಳು. ಮಳೆಗಾಲದಲ್ಲಿ ಹಣ್ಣಿನ ರಸ ಇಳಿಸಿ ಕುದಿಸಲು ಕೂತರೆ ಸೌದೆ ಕರಗಿಹೋಗುತ್ತದೆ. ಕುದಿ ಬರುವವರೆಗೆ ಬೇಗ ಆಗುತ್ತದೆ, ಆಮೇಲೆ ಅದು ಕಪ್ಪಾಗಿ ಗಟ್ಟಿಯಾಗುವವರೆಗೆ ಮುಗಿಯುವುದೇ ಇಲ್ಲ. ಬೆಂಕಿ ಅಷ್ಟೇ ಇರುತ್ತದೆ. ಇದಕ್ಕೂ ಇಂಥ ಲೆಕ್ಕ ಉಂಟಾ?

ಗೋಣಿಕೊಪ್ಪ ಮೇಷ್ಟ್ರು:
ಖಂಡಿತ ಉಂಟು ಅಮ್ಮ. ಇಡೀ ಚರ್ಚೆಯ ಅತಿ ಮುಖ್ಯ ಅಂಕಿ ನಿಮ್ಮ ಪಾತ್ರೆಯಲ್ಲೇ ಇದೆ. 1 ಲೀಟರ್ ನೀರನ್ನು 1 ಡಿಗ್ರಿ ಏರಿಸಲು 1 ಕಿಲೋ ಕ್ಯಾಲರಿ ಸಾಕು. ಅದೇ 1 ಲೀಟರ್ ಕುದಿಯುವ ನೀರು ಪೂರ್ತಿ ಆವಿಯಾಗಲು 540 ಕಿಲೋ ಕ್ಯಾಲರಿ ಬೇಕು. ಬಿಸಿ ಒಂದು ಡಿಗ್ರಿಯೂ ಏರುವುದಿಲ್ಲ, ಶಾಖವೆಲ್ಲ ಆವಿಯ ಜೊತೆ ಹೋಗುತ್ತದೆ.

ಉದಾಹರಣೆಗೆ 10 ಲೀಟರ್ ರಸ ಇಂಗಿ 1 ಲೀಟರ್‌ಗೆ ಬರಬೇಕು ಎಂದುಕೊಳ್ಳೋಣ. 22 ಡಿಗ್ರಿಯಿಂದ ಕುದಿಗೆ ತರಲು 10 ಗುಣಿಸು 74, ಅಂದರೆ 740 ಕಿಲೋ ಕ್ಯಾಲರಿ. (ನಮ್ಮ ಎತ್ತರದಲ್ಲಿ ನೀರು 100ಕ್ಕೆ ಕಾಯುವುದಿಲ್ಲ. ಮಡಿಕೇರಿಯಲ್ಲಿ ಸುಮಾರು 96ಕ್ಕೇ ಕುದಿಯುತ್ತದೆ. ಅದನ್ನೇ ಹಿಡಿದಿದ್ದೇನೆ.) 9 ಲೀಟರ್ ಆವಿಯಾಗಲು 9 ಗುಣಿಸು 540, ಅಂದರೆ 4,860. ಒಟ್ಟು 5,600. ಕುದಿ ಬರಿಸಲು ಬೇಕಾದ್ದರ ಆರೂವರೆ ಪಟ್ಟು ಆಮೇಲೆ ಬೇಕು. ನಿಮಗೆ ಮುಗಿಯುವುದೇ ಇಲ್ಲ ಅನ್ನಿಸುವುದು ಅದಕ್ಕೇ.

5,600 ಕಿಲೋ ಕ್ಯಾಲರಿ ಅಂದರೆ 23 ಮೆಗಾ ಜೂಲ್ ಚಿಲ್ಲರೆ, ಆರೂವರೆ ಯೂನಿಟ್. ಒಣ ಸೌದೆ ಕಿಲೋಗೆ 15 ಮೆಗಾ ಜೂಲ್ ಕೊಡುತ್ತದೆ. ಹಾಗಾದರೆ ಒಂದೂವರೆ ಕಿಲೋ ಸೌದೆ ಸಾಕಲ್ವಾ ಎನ್ನಬಹುದು. ಆದರೆ ಮೂರು ಕಲ್ಲಿನ ತೆರೆದ ಒಲೆಯಲ್ಲಿ ನೂರಕ್ಕೆ 10ರಿಂದ 15 ಮಾತ್ರ ಪಾತ್ರೆಗೆ ತಾಗುತ್ತದೆ. 15 ಹಿಡಿದರೂ 10 ಕಿಲೋ ಸೌದೆ ಆಯಿತು. ಒಲೆಗೆ ಸುತ್ತ ಮಣ್ಣಿನ ಗೋಡೆ ಕಟ್ಟಿ, ಪಾತ್ರೆ ಒಳಗೆ ಇಳಿದು ಕೂರುವ ಹಾಗೆ ಮಾಡಿ, ಹೊಗೆ ಹೋಗಲು ಕೊಳವೆ ಇಟ್ಟರೆ ಅರ್ಧದಷ್ಟು ಸೌದೆ ಉಳಿಸಬಹುದು. ಅಗಲ ಬಾಯಿಯ ಪಾತ್ರೆ ಇರಲಿ, ಮುಚ್ಚಬೇಡಿ.

ನಾಪೋಕ್ಲು ಅಡುಗೆಮನೆ:
ಒಲೆ ಕಟ್ಟಿಸುವ ಯೋಚನೆ ಮೊದಲೇ ಇತ್ತು. ಬರುವ ಮಳೆಗಾಲದೊಳಗೆ ಮಾಡಿಸುತ್ತೇನೆ ಸರ್.

ಪಾಲಿಬೆಟ್ಟ ಸೌದೆ:
ಸೌದೆ ವಿಷಯ ಬಂತಲ್ಲ, ಸ್ವಲ್ಪ ಬಿಡಿಸಿ ಹೇಳಬೇಕು. ಕಿಲೋಗೆ 15 ಮೆಗಾ ಜೂಲ್ ಎನ್ನುವುದು ಚೆನ್ನಾಗಿ ಒಣಗಿದ, ನೂರಕ್ಕೆ 15ರಷ್ಟು ತೇವ ಇರುವ ಸೌದೆಗೆ. ತೋಟದ ನೆರಳು ತಗ್ಗಿಸಲು ಈಗಷ್ಟೇ ಕಡಿದ ಸಿಲ್ವರ್ ಓಕ್ ಮರ ಹಸಿಯಾಗಿದ್ದಾಗ ತೂಕದಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಅದು ಕಿಲೋಗೆ 8 ಮೆಗಾ ಜೂಲ್ ಕೊಟ್ಟರೆ ಹೆಚ್ಚು. ತೂಕಕ್ಕೆ ದುಡ್ಡು ಕೊಟ್ಟು ಹಸಿ ಸೌದೆ ಕೊಂಡರೆ ಅರ್ಧ ದುಡ್ಡು ನೀರಿಗೆ ಹೋಯಿತು.

ಆದರೆ ಸೌದೆ ನಮ್ಮದೇ ತೋಟದ್ದಾದರೆ ಲೆಕ್ಕ ಬೇರೆ. 100 ಕಿಲೋ ಹಸಿ ಸೌದೆಯಲ್ಲಿ 800 ಮೆಗಾ ಜೂಲ್. ಅದನ್ನೇ ಒಣಗಿಸಿದರೆ ತೂಕ 59 ಕಿಲೋಗೆ ಇಳಿಯುತ್ತದೆ, ಸಿಗುವುದು 885 ಮೆಗಾ ಜೂಲ್. ಅಂಕಿಯಲ್ಲಿ ಲಾಭ ನೂರಕ್ಕೆ 11ರಷ್ಟು ಮಾತ್ರ. ಹಾಗೆಂದು ಹಸಿಯದ್ದನ್ನೇ ತುರುಕಬೇಡಿ. ಹಸಿ ಸೌದೆಯಲ್ಲಿ ಉರಿ ಏರುವುದಿಲ್ಲ, ಅರ್ಧಂಬರ್ಧ ಉರಿದು ಹೊಗೆಯಾಗುತ್ತದೆ. ಡ್ರೈಯರ್ ಪೈಪ್‌ನಲ್ಲಿ ಮಸಿ ಕಟ್ಟಿ ಶಾಖ ದಾಟುವುದಿಲ್ಲ. ನಷ್ಟ ಆಗುವುದು ಅಲ್ಲಿ. ಒಂದು ಬೇಸಿಗೆ ಸೀಳಿ ಜೋಡಿಸಿ, ಮೇಲೆ ಶೀಟ್ ಹಾಕಿ ಇಡಿ.

ಶನಿವಾರಸಂತೆ ತೋಟ:
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಹೊತ್ತು ಯಾವ ಮೆಷಿನ್ ದೊಡ್ಡದು ಎಂದು ಕೇಳುತ್ತಿದ್ದೆ. ಈಗ ಕೇಳಬೇಕಾದ್ದು ನನಗೆ ಎಷ್ಟು ದೊಡ್ಡದು ಬೇಕು ಎಂದಲ್ವಾ? 2 ಟನ್ ಒದ್ದೆ ಪಾರ್ಚ್‌ಮೆಂಟ್‌ಗೆ ಎಷ್ಟು ಶಾಖ ಬೇಕು?

ಕುಶಾಲನಗರ ವರ್ಕ್‌ಶಾಪ್:
ಈಗ ಸರಿಯಾದ ಜಾಗಕ್ಕೆ ಬಂದಿರಿ ಅಣ್ಣ. ಮೇಷ್ಟ್ರ 540ರ ಲೆಕ್ಕವನ್ನೇ ಇಲ್ಲಿಗೆ ತರೋಣ.

ನೀರು ಸೋರಿದ ಪಾರ್ಚ್‌ಮೆಂಟ್‌ನಲ್ಲಿ ನೂರಕ್ಕೆ 50 ತೇವ ಎಂದು ಹಿಡಿಯಿರಿ. 2,000 ಕಿಲೋದಲ್ಲಿ ಗಟ್ಟಿ ಪದಾರ್ಥ 1,000 ಕಿಲೋ. 11ರ ತೇವಕ್ಕೆ ಬಂದಾಗ ತೂಕ 1,124 ಕಿಲೋ. ಅಂದರೆ 876 ಕಿಲೋ ನೀರು ಹೋಗಬೇಕು. ಇಲ್ಲಿ ನೀರು ಕುದಿಯುವುದಿಲ್ಲ, ಬೆಚ್ಚಗಿನ ಗಾಳಿಗೆ ಆರುತ್ತದೆ. ಆ ಬಿಸಿಯಲ್ಲಿ ಆವಿಯಾಗಲು ಇನ್ನೂ ಸ್ವಲ್ಪ ಜಾಸ್ತಿ ಶಾಖ ಬೇಕು, ಕಿಲೋಗೆ 2.4 ಮೆಗಾ ಜೂಲ್. ಒಟ್ಟು 2,100 ಮೆಗಾ ಜೂಲ್. ನಿಮ್ಮ ಮೂರು ಕೊಟೇಶನ್‌ನ ಭಾಷೆಯಲ್ಲಿ ಹೇಳಿದರೆ 5 ಲಕ್ಷ ಕಿಲೋ ಕ್ಯಾಲರಿ, 20 ಲಕ್ಷ ಬಿಟಿಯು, 584 ಕಿಲೋವ್ಯಾಟ್ ಅವರ್.

ಇದು ನೀರು ಹೀರುವ ಶಾಖ ಮಾತ್ರ. ಡ್ರೈಯರ್‌ನಿಂದ ಹೊರಹೋಗುವ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಅರ್ಧ ಶಾಖ ಅದರಲ್ಲೇ ಹೋಯಿತು ಎಂದರೆ ಬಿಸಿಗಾಳಿಯಲ್ಲಿ 4,200 ಮೆಗಾ ಜೂಲ್ ಬೇಕು. ಒಲೆ ಮತ್ತು ಹೀಟ್ ಎಕ್ಸ್‌ಚೇಂಜರ್ (ಉರಿಯ ಶಾಖವನ್ನು ಗಾಳಿಗೆ ದಾಟಿಸುವ ಭಾಗ) ನೂರಕ್ಕೆ 70 ದಾಟಿಸಿದರೆ ಸೌದೆಯಲ್ಲಿ 6,000. ಒಣ ಸೌದೆ 400 ಕಿಲೋ. ಹಸಿಯಾದರೆ 750 ಕಿಲೋಗೂ ಮೇಲೆ.

116 ಕಿಲೋವ್ಯಾಟ್ ಅಂದರೆ ಗಂಟೆಗೆ 418 ಮೆಗಾ ಜೂಲ್. 4,200ಕ್ಕೆ 10 ಗಂಟೆ ಸಾಕು ಅನ್ನಿಸುತ್ತದೆ. ಆದರೆ 10 ಗಂಟೆಯಲ್ಲಿ ಒಣಗಿಸಬೇಡಿ! ಪಾರ್ಚ್‌ಮೆಂಟ್ ಬೀಜದ ಬಿಸಿ 40 ಡಿಗ್ರಿ ಆಸುಪಾಸಿನಲ್ಲೇ ಇರಬೇಕು. ಮೇಲಿನ ನೀರು ಬೇಗ ಹೋಗುತ್ತದೆ, ಬೀಜದ ಹೊಟ್ಟೆಯೊಳಗಿನದು ಹೊರಗೆ ಬರಲು ಹೊತ್ತು ಬೇಕು. ಶಾಖ ಜಾಸ್ತಿ ಮಾಡಿದರೆ ಅದು ಬೇಗ ಬರುವುದಿಲ್ಲ, ಬೀಜ ಕೆಡುತ್ತದೆ. ಒಂದು ಹಗಲು ಒಂದು ರಾತ್ರಿ ಎಂದಿಟ್ಟುಕೊಂಡರೆ ಗಂಟೆಗೆ 175 ಮೆಗಾ ಜೂಲ್, ಅಂದರೆ ಸರಾಸರಿ 49 ಕಿಲೋವ್ಯಾಟ್. ಮೊದಲ ಕೆಲವು ಗಂಟೆ ಅದರ ಎರಡು ಪಟ್ಟು ಬೇಕಾಗಬಹುದು. ನಿಮ್ಮ ಮೂರು ಮೆಷಿನ್‌ನಲ್ಲಿ ಚಿಕ್ಕದು ಕೂಡ ಆ ಹೊರೆ ಹೊರುತ್ತದೆ.

ಇನ್ನೊಂದು ಮಾತು ಮಾರುವವರ ಹತ್ತಿರ ಕೇಳಲೇಬೇಕು: ಈ ಅಂಕಿ ಸೌದೆಯ ಕಡೆಯದೋ, ಬಿಸಿಗಾಳಿಯ ಕಡೆಯದೋ? 120 ಕಿಲೋವ್ಯಾಟ್ ಸೌದೆಯ ಕಡೆಯದಾದರೆ ನೂರಕ್ಕೆ 70ರಂತೆ ಗಾಳಿಗೆ ಸಿಗುವುದು 84. ಆಗ ಮೂರರಲ್ಲಿ ಅದೇ ಕೊನೆಗೆ ಬರುತ್ತದೆ.

ಶನಿವಾರಸಂತೆ ತೋಟ:
ಮೂವರಿಗೂ ಫೋನ್ ಮಾಡಿದೆ. ಮೊದಲಿನ ಇಬ್ಬರು ಬಿಸಿಗಾಳಿಯ ಕಡೆಯದು, ಗಂಟೆಗೆ ಎಂದು ಬರೆದುಕೊಡಲು ಒಪ್ಪಿದ್ದಾರೆ. ಮೂರನೆಯವರದು ಸೌದೆಯ ಕಡೆಯದಂತೆ. ಎರಡನೆಯದಕ್ಕೆ ಜಾಸ್ತಿ ದುಡ್ಡು ಕೊಡುವ ಕಾರಣ ಈಗ ನನಗೆ ಕಾಣುತ್ತಿಲ್ಲ. ಮೊದಲನೆಯವರ ಹತ್ತಿರ ಮಾತು ಮುಂದುವರಿಸುತ್ತೇನೆ.

ಸಿದ್ದಾಪುರ ರೋಬಸ್ಟಾ:
ನಮ್ಮದೆಲ್ಲ ರೋಬಸ್ಟಾ ಚೆರ್ರಿ. ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು) ಇಲ್ಲ, ಹಣ್ಣನ್ನೇ ಒಣಗಿಸುವುದು. ನಮಗೂ ಡ್ರೈಯರ್ ಲೆಕ್ಕ ಹೀಗೆಯೇ ಹಾಕಬಹುದಾ?

ಕುಶಾಲನಗರ ವರ್ಕ್‌ಶಾಪ್:
ದಾರಿ ಅದೇ, ಅಂಕಿ ಬೇರೆ. ಹಣ್ಣಿನಲ್ಲಿ ನೂರಕ್ಕೆ 65 ತೇವ ಎಂದು ಹಿಡಿದರೆ 1,000 ಕಿಲೋ ಹಣ್ಣಿನಿಂದ 607 ಕಿಲೋ ನೀರು ಹೋಗಬೇಕು. ಪೂರ್ತಿ ಡ್ರೈಯರ್‌ನಲ್ಲೇ ಮಾಡಿದರೆ ನೀರಿಗೇ 1,460 ಮೆಗಾ ಜೂಲ್. ಮೊದಲು ಕಣದಲ್ಲಿ ಹರಡಿ 30ರ ತೇವಕ್ಕೆ ತನ್ನಿ. ಅಷ್ಟರಲ್ಲಿ 500 ಕಿಲೋ ನೀರು ಬಿಸಿಲಿಗೇ ಹೋಗಿರುತ್ತದೆ. ಡ್ರೈಯರ್‌ಗೆ ಉಳಿಯುವುದು 107 ಕಿಲೋ ನೀರು, 257 ಮೆಗಾ ಜೂಲ್, ಅಂದರೆ 61 ಸಾವಿರ ಕಿಲೋ ಕ್ಯಾಲರಿ. ಮೋಡ ಕಟ್ಟುವ ಮೊದಲು ಎರಡು ಮೂರು ಒಳ್ಳೆಯ ಬಿಸಿಲು ಸಿಕ್ಕರೂ ಸೌದೆ ಬಹಳ ಉಳಿಯುತ್ತದೆ. ಕೊಟೇಶನ್ ತರಿಸುವ ಮೊದಲು ನಿಮ್ಮ ಕಣ ಎಷ್ಟು ದೊಡ್ಡದು, ಮಳೆ ಬಂದರೆ ಎಷ್ಟು ಚೆರ್ರಿ ಒಳಗೆ ತರಬೇಕಾಗುತ್ತದೆ ಎಂದು ಇಲ್ಲಿ ಬರೆಯಿರಿ. ಅದರ ಮೇಲೆ ಎಷ್ಟು ಕಿಲೋವ್ಯಾಟ್ ಬೇಕು ಎಂದು ಹೇಳುತ್ತೇನೆ.

ಸಿದ್ದಾಪುರ ರೋಬಸ್ಟಾ:
ನಾಳೆ ಕಣ ಅಳೆದು ಬರೆಯುತ್ತೇನೆ.